ಮಳೆಗಾಲದಲ್ಲಿ ಜಾಯಿಕಾಯಿ, ಜಾಪತ್ರೆ ಒಣಗಿಸುವುದು: ನನ್ನ ಅನುಭವ

ಶಿರಸಿ ಸೀಮೆಯ ಅಡಿಕೆ ತೋಟದಲ್ಲಿ ಜಾಯಿಕಾಯಿ ಬೆಳೆಯುವುದು ದೊಡ್ಡ ಕಷ್ಟವಲ್ಲ. ನೆರಳಿದೆ, ತಂಪಿದೆ, ಬೇಸಿಗೆಯಲ್ಲಿ ನೀರು ಕೊಟ್ಟರಾಯಿತು. ಕಷ್ಟ ಶುರುವಾಗುವುದೇ ಕೊಯ್ಲಿನಲ್ಲಿ. ಹೆಚ್ಚಿನ ಕಾಯಿ ಬಿರಿಯುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಬಿಸಿಲಿನ ಮುಖವೇ ಕಾಣದ ದಿನಗಳಲ್ಲಿ. ಹಾಗಾಗಿ ಒಣಗಿಸುವುದರ ಬಗ್ಗೆಯೇ ಇಲ್ಲಿ ಜಾಸ್ತಿ ಬರೆಯುತ್ತೇನೆ.

ಹೊಸದಾಗಿ ನೆಡುವವರಿಗೆ ಒಂದು ಮಾತು ಮಾತ್ರ. ಕಸಿ ಗಿಡವನ್ನೇ ತನ್ನಿ. ಜಾಯಿಕಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಗಿಡ ಹೂ ಬಿಡಲು 6–8 ವರ್ಷ ಬೇಕು, ಅಲ್ಲಿಯವರೆಗೆ ಯಾವುದು ಗಂಡು ಯಾವುದು ಹೆಣ್ಣು ಅಂತ ಗೊತ್ತಾಗುವುದಿಲ್ಲ. ಹತ್ತಿರ ಹತ್ತಿರ ಅರ್ಧ ಗಿಡಗಳು ಗಂಡೇ ಆಗಿಬಿಡುತ್ತವೆ. ಕಸಿಯಾದರೆ 10 ಹೆಣ್ಣಿಗೆ ಒಂದು ಗಂಡು ಇಟ್ಟರೆ ಸಾಕು. ತರುವಾಗ ಕಸಿಕಡ್ಡಿ ನೆಟ್ಟಗೆ ಮೇಲಕ್ಕೆ ಹೋಗುವ ಚಿಗುರಿನದ್ದಾ ಅಂತ ಕೇಳಿಕೊಳ್ಳಿ. ಅಡ್ಡ ಟೊಂಗೆಯ ಕಡ್ಡಿ ಕಟ್ಟಿದ ಗಿಡ ಪೊದೆಯಾಗಿ ಹರಡುತ್ತದೆ, ಅಡಿಕೆ ಸಾಲಿನ ನಡುವೆ ಓಡಾಡುವುದಕ್ಕೇ ಆಗುವುದಿಲ್ಲ.

ಕಾಯಿ ಹಳದಿಯಾಗಿ ತಾನಾಗಿ ಬಿರಿದ ಮೇಲೆಯೇ ನಾನು ಕೊಯ್ಯುತ್ತೇನೆ. ಬಿರಿದ ಕಾಯಿ ನೋಡಲು ಎಷ್ಟು ಚಂದ! ದಪ್ಪ ಸಿಪ್ಪೆ ಎರಡು ಹೋಳಾಗಿ ಬಾಯಿ ತೆರೆದಿರುತ್ತದೆ. ಒಳಗೆ ಕಪ್ಪಗೆ ಹೊಳೆಯುವ ಬೀಜ, ಅದರ ಮೇಲೆ ಬಲೆ ಹೊದಿಸಿದ ಹಾಗೆ ಕಡುಗೆಂಪು ಪತ್ರೆ, ಅದೇ ಜಾಪತ್ರೆ. ಆ ಕೆಂಪು ಉಳಿಯಬೇಕಾದರೆ ಬಿದ್ದ ಕಾಯಿಯನ್ನು ಅದೇ ದಿನ ಹೆಕ್ಕಬೇಕು. ಒದ್ದೆ ನೆಲದಲ್ಲಿ ಬಿಟ್ಟರೆ ಬೂಷ್ಟು ಹಿಡಿಯಲು ಜಾಸ್ತಿ ಹೊತ್ತು ಬೇಡ. ಮರದ ಕೆಳಗೆ ಹಳೆಯ ಬಲೆ ಕಟ್ಟಿದರೆ ಕಾಯಿ ಮಣ್ಣಿಗೆ ತಾಗುವುದಿಲ್ಲ.

ಪತ್ರೆ ಬೀಜಕ್ಕೆ ಅಂಟಿಕೊಂಡಿರುವುದು ಬುಡದಲ್ಲಿ. ಅಲ್ಲಿ ಉಗುರಿನಿಂದ ಸಡಿಲ ಮಾಡಿ ಮೆಲ್ಲಗೆ ಬಿಡಿಸಿದರೆ ಇಡೀ ಹೂವಿನಂತೆ ಬರುತ್ತದೆ. ಬೆಲೆ ಸಿಗುವುದು ಇಡೀ ಪತ್ರೆಗೇ, ಚೂರಿಗಲ್ಲ. ಬಿಡಿಸಿದ್ದನ್ನು 75 ಡಿಗ್ರಿ ಬಿಸಿಯ ನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆಯುತ್ತೇನೆ. ನೀರು ಕುದಿಯಬಾರದು. ಹೀಗೆ ಮಾಡಿದರೆ ಒಣಗಿದ ಮೇಲೂ ಬಣ್ಣ ಚೆನ್ನಾಗಿ ನಿಲ್ಲುತ್ತದೆ. ನೀರು ಬಸಿದು, ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ, ಡ್ರೈಯರ್ ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡುತ್ತೇನೆ. ಶಾಖ ಸುಮಾರು 55 ಡಿಗ್ರಿ. ಮುರಿದರೆ ಪಟ್ಟನೆ ಮುರಿಯಬೇಕು, ಬಾಗಿದರೆ ಇನ್ನೂ ಹಸಿ ಇದೆ ಅಂತಲೇ ಅರ್ಥ. ಆಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ ಕತ್ತಲೆಯಲ್ಲಿ ಇಡುವುದು.

ಬೀಜವನ್ನು ಮಾತ್ರ ಪತ್ರೆಯ ಜೊತೆ ಅದೇ ಶಾಖಕ್ಕೆ ಇಡಬೇಡಿ. ಜಾಯಿಕಾಯಿಯಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಕೊಬ್ಬು. ಶಾಖ 45 ಡಿಗ್ರಿ ದಾಟಿದರೆ ಅದು ಕರಗಿ ಕಾಯಿ ಕೆಡುತ್ತದೆ. ಚಿಪ್ಪಿನ ಸಮೇತ ಬಚ್ಚಲು ಒಲೆಯ ಮೇಲಿನ ಅಟ್ಟದಲ್ಲಿ ಹರಡಿ, ಆಗಾಗ ಕೈಯಾಡಿಸುತ್ತಾ ವಾರಗಟ್ಟಲೆ ನಿಧಾನಕ್ಕೆ ಒಣಗಿಸುತ್ತೇನೆ. ಈ ಮರದ ತವರಾದ ಇಂಡೋನೇಷ್ಯಾದ ಬಾಂಡಾ ದ್ವೀಪಗಳಲ್ಲೂ ಹಿಂದಿನಿಂದ ಸಣ್ಣ ಬೆಂಕಿಯ ಹೊಗೆಯ ಮೇಲೆ ಹೀಗೇ ಒಣಗಿಸುತ್ತಿದ್ದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಗುಡುಗುಡು ಸದ್ದಾದರೆ ಒಣಗಿದೆ ಅಂತ.

ಕಾಡಿನ ರಾಮಪತ್ರೆಯನ್ನು ಇದರ ಜೊತೆ ಸೇರಿಸುವವರಿದ್ದಾರೆ. ಅದು ಜಾಯಿಕಾಯಿಯ ಜಾತಿಯದ್ದೇ ಮರ, ಆದರೆ ಪತ್ರೆಗೆ ಈ ಪರಿಮಳವಿಲ್ಲ. ದಯವಿಟ್ಟು ಬೇರೆ ಚೀಲದಲ್ಲೇ ಮಾರಿ.

ಸಿಪ್ಪೆಯನ್ನೂ ಎಸೆಯಬೇಕಿಲ್ಲ. ಹೆಚ್ಚಿ ಉಪ್ಪುನೀರಿನಲ್ಲಿ ನೆನೆಸಿ ಒಗರು ತೆಗೆದರೆ ಒಳ್ಳೆಯ ಉಪ್ಪಿನಕಾಯಿ ಆಗುತ್ತದೆ. ಮನೆ ಖರ್ಚಿನ ಕಾಯಿಯನ್ನು ನಾವು ಚಿಪ್ಪಿನಲ್ಲೇ ಇಟ್ಟಿರುತ್ತೇವೆ, ಪುಡಿ ಮಾಡಿಟ್ಟರೆ ಪರಿಮಳ ಬೇಗ ಹೋಗುತ್ತದೆ. ಹೋಳಿಗೆಯ ಹೂರಣ ಒಲೆಯಿಂದ ಇಳಿಸಿದ ಮೇಲೆ ಏಲಕ್ಕಿ ಜೊತೆ ಚೂರೇ ಚೂರು ತುರಿದು ಹಾಕಿ. ಚಿಟಿಕೆ ದಾಟಿದರೆ ಕಹಿ. ಇನ್ನೂ ಜಾಸ್ತಿ ತಿಂದರೆ ತಲೆಸುತ್ತು, ವಾಂತಿ ಬರುತ್ತದೆ, ಅಮಲೂ ಏರುತ್ತದೆ. ಮಕ್ಕಳ ಕೈಗೆ ಸಿಗದ ಕಡೆ ಇಡಿ.