ಡೋರಾ ಜೊತೆ ಕೂತು ಮಗಳಿಗೆ ಸ್ಪ್ಯಾನಿಷ್ ಕಲಿಸಿದ್ದು

ನಾವಿರುವುದು ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ. ಇಲ್ಲಿ ಅಂಗಡಿ, ಪಾರ್ಕು, ಎಲ್ಲಿ ಹೋದರೂ ಸ್ಪ್ಯಾನಿಷ್ ಕಿವಿಗೆ ಬೀಳುತ್ತದೆ. ಮಗಳ ಜೊತೆ ಆಡುವ ಎಷ್ಟೋ ಮಕ್ಕಳ ಮನೆಮಾತೇ ಅದು. ಅವಳಿಗೆ ಮೂರು ತುಂಬಿದ ಮೇಲೆ 'ಡೋರಾ ದಿ ಎಕ್ಸ್‌ಪ್ಲೋರರ್' ತೋರಿಸಲು ಶುರು ಮಾಡಿದೆ. 2000ನೇ ಇಸವಿಯಲ್ಲಿ ನಿಕಲೋಡಿಯನ್ ಚಾನೆಲ್‌ನಲ್ಲಿ ಬಂದ ಹಳೇ ಕಾರ್ಟೂನು, ಡೋರಾ ಅನ್ನೋ ಹುಡುಗಿ ಇಂಗ್ಲಿಷಲ್ಲಿ ಮಾತಾಡುತ್ತಾ ನಡುನಡುವೆ ಸ್ಪ್ಯಾನಿಷ್ ಪದ ಕಲಿಸುತ್ತಾಳೆ. ಹಳೇದಾದರೂ ಪದ ಕಲಿಸೋಕೆ ನನಗೆ ಇವತ್ತಿಗೂ ಅದೇ ಇಷ್ಟ.

ಕಾರಣ ಇದು. ಡೋರಾ ಒಂದು ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುತ್ತಾಳೆ, ಕಣ್ಣು ಮಿಟುಕಿಸುತ್ತಾ ಉತ್ತರಕ್ಕೆ ಕಾಯುತ್ತಾಳೆ. ದೊಡ್ಡವರಿಗೆ ಬೋರ್ ಆಗಬಹುದು, ಮಗುವಿಗೆ ಮಾತ್ರ ಬಾಯಿ ಬಿಡೋ ಹೊತ್ತು ಅದೇ. ನನ್ನ ಮಗಳಿಗೆ ಅಷ್ಟು ಹೊತ್ತು ಸಾಲುತ್ತಿರಲಿಲ್ಲ. ಹಾಗಾಗಿ ರಿಮೋಟ್ ಕೈಯಲ್ಲೇ ಇಟ್ಟುಕೊಂಡು ಅಲ್ಲೇ ಪಾಸ್ ಮಾಡುತ್ತಿದ್ದೆ. ನಾನು ಉತ್ತರ ಹೇಳಿಕೊಡುತ್ತಿರಲಿಲ್ಲ, ಅವಳ ಮುಖ ನೋಡುತ್ತಾ ಕೂರುತ್ತಿದ್ದೆ, ಅಷ್ಟೇ. ತುಟಿ ಅಲ್ಲಾಡಿಸಿ, ನನ್ನ ಕಡೆ ನೋಡಿ, ಆಮೇಲೆ ಜೋರಾಗಿ "ಆಬ್ರೆ!" ಅಂತ ಕೂಗುವಳು. ತೆಗೆ ಅಂತ ಅರ್ಥ. ಆಗ ಪ್ಲೇ ಒತ್ತಿದರೆ ಟಿವಿಯಲ್ಲಿ ಬಾಗಿಲು ತೆರೆಯುತ್ತದೆ, ತಾನು ಹೇಳಿದ್ದಕ್ಕೇ ತೆರೆಯಿತು ಅಂತ ಅವಳಿಗೆ ಖುಷಿಯೋ ಖುಷಿ.

ಬಣ್ಣ, ಪ್ರಾಣಿಗಳ ಹೆಸರಿಗಿಂತ ಇಂಥ ಕೆಲಸ ಮಾಡಿಸುವ ಮಾತುಗಳೇ ಮೊದಲು ಹತ್ತಿದವು. ಸಾಲ್ತಾ ಅಂದರೆ ನೆಗಿ, ಸೂಬೆ ಅಂದರೆ ಮೇಲೆ ಹತ್ತು, ಬಾಮೊನೊಸ್ ಅಂದರೆ ಹೋಗೋಣ. ಟಿವಿ ಆರಿಸಿದ ಮೇಲೂ ಅದೇ ಆಟ. ಫ್ರಿಜ್ ಮುಂದೆ ನಿಂತು "ಆಬ್ರೆ" ಅಂದರೇನೇ ಮೊಸರಿನ ಡಬ್ಬ ಹೊರಗೆ ಬರುತ್ತಿತ್ತು. ಕಾರು ಹತ್ತುವಾಗ ಸೂಬೆ. ಟಿವಿಯಲ್ಲಿ ಕೇಳಿದ ಪದ ಅದೇ ದಿನ ಮನೆಯಲ್ಲಿ ಬಳಕೆಗೆ ಬರದಿದ್ದರೆ ಮರುದಿನಕ್ಕೆ ಮಾಯ, ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಹಾಗಾಗಿ ಮಗುವನ್ನು ಟಿವಿ ಮುಂದೆ ಕೂರಿಸಿ ಅಡುಗೆಮನೆಗೆ ಹೋಗುವವರಿಗೆ ಇದು ಕೆಲಸ ಮಾಡಲ್ಲ. ಪಕ್ಕದಲ್ಲಿ ಕೂರಲೇಬೇಕು. ಎರಡರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಸಾಕು, ಜೊತೆಗೆ ಕೂತು ನೋಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲೇ ಹೇಳಿದೆ. ನಾವು ದಿನಕ್ಕೆ ಒಂದೇ ಎಪಿಸೋಡ್ ನೋಡುತ್ತಿದ್ದೆವು, ಅದೂ ಅವಳು ಕೇಳಿದಷ್ಟು ದಿನ ಅದನ್ನೇ. ನಿಕಲೋಡಿಯನ್‌ನವರೇ 'ಬ್ಲೂಸ್ ಕ್ಲೂಸ್' ಅನ್ನೋ ಶೋ ಶುರು ಮಾಡಿದಾಗ ಒಂದೇ ಎಪಿಸೋಡನ್ನು ವಾರದ ಐದು ದಿನವೂ ಹಾಕುತ್ತಿದ್ದರು. ಮಕ್ಕಳಿಗೆ ಬೇಜಾರಾಗಲ್ಲ, ಉತ್ತರ ಗೊತ್ತಿದ್ದಷ್ಟೂ ಜಾಸ್ತಿ ಕೂಗುತ್ತಾರೆ.

ಇನ್ನೊಂದು ವಿಷಯ, ಆಡಿಯೋ ಇಂಗ್ಲಿಷಲ್ಲೇ ಇರಲಿ. ಸ್ಪ್ಯಾನಿಷ್ ಡಬ್ಬಿಂಗ್ ಹಾಕಿದರೆ ಡೋರಾ ಸ್ಪ್ಯಾನಿಷಲ್ಲಿ ಮಾತಾಡುತ್ತಾ ಇಂಗ್ಲಿಷ್ ಪದಗಳನ್ನು ಕಲಿಸುತ್ತಾಳೆ!

ಈಗ 'ಪೊಕೊಯೊ' ಅನ್ನೋ ಕಾರ್ಟೂನನ್ನು ಸ್ಪ್ಯಾನಿಷ್ ಆಡಿಯೋದಲ್ಲೇ ನೋಡುತ್ತಿದ್ದಾಳೆ. ಚಿಕ್ಕ ಚಿಕ್ಕ ಎಪಿಸೋಡ್, ಮಾತು ಕಮ್ಮಿ, ನಿಧಾನ. ಆದರೆ ಅದು ಸ್ಪೇನ್‌ನದು, ನೀಲಿಗೆ ಅಲ್ಲಿ ಆಥುಲ್ ಅಂತಾರೆ, ನಮ್ಮ ಮೆಕ್ಸಿಕೊ ಮೂಲದ ನೆರೆಯವರು ಆಸುಲ್ ಅಂತಾರೆ. ಮಗಳು ಆಡುವುದು ಇವರ ಮಕ್ಕಳ ಜೊತೆ ತಾನೇ, ಹಾಗಾಗಿ ಮುಂದೆ ಮೆಕ್ಸಿಕೊದಲ್ಲೇ ತಯಾರಾದ 'ಪ್ಲಾಸಾ ಸೆಸಮೊ' ಅನ್ನೋ ಮಕ್ಕಳ ಶೋ ತೋರಿಸೋಣ ಅಂತಿದ್ದೇನೆ.