ಚುಕ್ಕೆ ಮಾಯವಾದ ಮೇಲೂ ಮೀನು ಕ್ವಾರಂಟೈನ್‌ನಲ್ಲೇ: ನನ್ನ ಅನುಭವ

ಪೌಡರ್ ಬ್ಲೂ ಟ್ಯಾಂಗ್ ತರಬೇಕು ಅನ್ನುವವರು ಸಿಕ್ಕರೆ, ಮುಖ್ಯ ಟ್ಯಾಂಕ್ ಎಷ್ಟು ಲೀಟರಿನದು ಎಂದು ಆಮೇಲೆ ಕೇಳುತ್ತೇನೆ. ಹೊಸ ಮೀನನ್ನು ಮೊದಲು ಪ್ರತ್ಯೇಕವಾಗಿಡಲು (ಕ್ವಾರಂಟೈನ್) ಬೇರೆ ಕೋಣೆಯಲ್ಲಿ ಇನ್ನೊಂದು ಚಿಕ್ಕ ಟ್ಯಾಂಕ್ ಇಡಲು ಜಾಗ ಇದೆಯಾ ಅನ್ನುವುದು ಮೊದಲ ಪ್ರಶ್ನೆ. ನಮ್ಮ ಹಿಂದೂ ಮಹಾಸಾಗರದ್ದೇ ಆದ ಈ ಮೀನು ನೋಡಲು ಎಷ್ಟು ಚೆಂದವೋ, ಬಿಳಿ ಚುಕ್ಕೆ ರೋಗಕ್ಕೆ ಅಷ್ಟೇ ಬೇಗ ತುತ್ತಾಗುತ್ತದೆ. ಅದೊಂದೇ ಸತ್ತರೆ ಮುಗಿಯಿತು ಅನ್ನುವ ಹಾಗೂ ಇಲ್ಲ. ಅದರ ಮೈಮೇಲಿನ ಪರಾವಲಂಬಿ ಒಮ್ಮೆ ಹವಳಗಳಿರುವ ಮುಖ್ಯ ಟ್ಯಾಂಕ್, ಅಂದರೆ ರೀಫ್ ಟ್ಯಾಂಕ್ ಒಳಗೆ ಇಳಿದರೆ ವರ್ಷಗಟ್ಟಲೆ ಸಾಕಿದ ಮೀನುಗಳೂ ಉಳಿಯುವ ಭರವಸೆ ಇಲ್ಲ. ಅಲ್ಲಿ ತಾಮ್ರ ತಾಳದ ಹವಳ, ಸೀಗಡಿ ಇರುವುದರಿಂದ ಕಾಪರ್ (ತಾಮ್ರದ) ಔಷಧಿ ಹಾಕುವ ದಾರಿಯೂ ಮುಚ್ಚಿಹೋಗುತ್ತದೆ.

ಅಂಗಡಿಯವರು ಹೇಳುವ ಮಾತು ಒಂದೇ: "ಸರ್, ಬಂದು ಎರಡು ವಾರ ಆಯ್ತು, ಆರಾಮಾಗಿದೆ, ಸೀದಾ ಬಿಟ್ಕೊಳ್ಳಿ." ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಅಂದುಕೊಳ್ಳುವುದಿಲ್ಲ. ಆದರೆ ಅನೇಕ ಅಂಗಡಿಗಳಲ್ಲಿ ಸಾಲು ಟ್ಯಾಂಕ್‌ಗಳಿಗೆಲ್ಲ ಒಂದೇ ಸಂಪ್ (ಫಿಲ್ಟರ್ ಇರುವ ಕೆಳಗಿನ ತೊಟ್ಟಿ), ಒಂದೇ ನೀರು. ನಿನ್ನೆ ಬಂದ ಲೋಡಿನ ಮೀನೂ ಅದೇ ನೀರಲ್ಲಿ ಉಸಿರಾಡುತ್ತಿರುತ್ತದೆ. ಹಾಗಾಗಿ ಅಲ್ಲಿನ ಎರಡು ವಾರ ನನ್ನ ಲೆಕ್ಕಕ್ಕೆ ಬರುವುದಿಲ್ಲ. ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನಿಗೂ ಇದೇ ನಿಯಮ. ಸಾಗರದಿಂದ ಹಿಡಿಯುವ ಬದಲು ಮರಿ ಮಾಡಿಸಿದ ಮೀನು ಕೊಳ್ಳುವುದು ಒಳ್ಳೆಯದೇ, ಅದರ ತಂತ್ರವನ್ನು ನಮ್ಮ ಸಿಎಂಎಫ್‌ಆರ್‌ಐ (ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಬೆಳೆಸಿದ್ದಾರೆ ಅನ್ನುವುದು ನನಗೆ ಹೆಮ್ಮೆ. ಆದರೂ ಅಂಗಡಿಯ ನೀರು ಮುಟ್ಟಿದ ಮೇಲೆ ಎಲ್ಲ ಮೀನೂ ಒಂದೇ.

ನನ್ನ ಕ್ವಾರಂಟೈನ್ ಟ್ಯಾಂಕ್ ಬರೀ ಗಾಜಿನ ಪೆಟ್ಟಿಗೆ. ನೂರು ಲೀಟರಿಗಿಂತ ಸ್ವಲ್ಪ ದೊಡ್ಡದು, ಮರಿ ಟ್ಯಾಂಗ್‌ಗೆ ಒಂದೆರಡು ತಿಂಗಳ ಮಟ್ಟಿಗೆ ಸಾಕು. ಒಳಗೆ ಹೀಟರ್, ಸ್ಪಾಂಜ್ ಫಿಲ್ಟರ್, ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡುಗಳು. ಮರಳು, ಕಲ್ಲು ಹಾಕುವುದಿಲ್ಲ, ಯಾಕೆಂದರೆ ಅವು ಕಾಪರ್ ಹೀರಿಕೊಳ್ಳುತ್ತವೆ. ಹೀರಿಕೊಂಡರೆ ನೀರಲ್ಲಿ ಔಷಧಿ ಎಷ್ಟು ಉಳಿದಿದೆ ಎಂದು ತಿಳಿಯುವುದಿಲ್ಲ. ಮೀನು ತರುವ ತಿಂಗಳಿಗೂ ಮೊದಲೇ ಸ್ಪಾಂಜನ್ನು ಮುಖ್ಯ ಟ್ಯಾಂಕಿನ ಸಂಪಿನಲ್ಲಿ ಮುಳುಗಿಸಿ ಇಟ್ಟಿರುತ್ತೇನೆ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲಿ ಕೂತಿರಬೇಕು. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಹೀಟರ್ ಇಲ್ಲದೆ 26 ಡಿಗ್ರಿ ನಿಲ್ಲುವುದಿಲ್ಲ. ಕರೆಂಟ್ ಹೋದಾಗಿನ ಮಾತು ಬೇರೆ: ಬ್ಯಾಟರಿಯ ಏರ್ ಪಂಪ್ ಇಲ್ಲದೆ ನಾನು ಸಮುದ್ರ ಮೀನು ಸಾಕಲು ಹೋಗುತ್ತಲೇ ಇರಲಿಲ್ಲ.

ಕೋಣೆ ಯಾಕೆ ಬೇರೆ ಇರಬೇಕೆಂದರೆ, ವೆಲ್ವೆಟ್ ರೋಗದ ಪರಾವಲಂಬಿ ನೀರಿನ ಗುಳ್ಳೆಗಳಿಂದ ಸಿಡಿಯುವ ಸಣ್ಣ ಹನಿಗಳಲ್ಲಿ ಗಾಳಿಯ ಮೂಲಕವೂ ಪಕ್ಕದ ಟ್ಯಾಂಕಿಗೆ ದಾಟಬಲ್ಲದು. ಬಲೆ, ಮಗ್ಗು, ಸೈಫನ್ ಪೈಪ್ ಎಲ್ಲವೂ ಪ್ರತ್ಯೇಕ.

ಮೀನು ಕೊಳ್ಳುವಾಗ ಅಂಗಡಿಯ ನೀರಿನ ಉಪ್ಪಿನಂಶ ಕೇಳಿ ಬರೆದುಕೊಳ್ಳುತ್ತೇನೆ. ಸ್ಪೆಸಿಫಿಕ್ ಗ್ರಾವಿಟಿ ಲೆಕ್ಕದಲ್ಲಿ ಅದು ಹಲವು ಕಡೆ 1.020ರ ಆಸುಪಾಸು ಇರುತ್ತದೆ, ನನ್ನ ರೀಫ್‌ನಲ್ಲಿ 1.025. ಕ್ವಾರಂಟೈನ್ ನೀರನ್ನು ಅಂಗಡಿಯ ಮಟ್ಟಕ್ಕೇ ಮೊದಲು ಹೊಂದಿಸಿ, ಆಮೇಲೆ ಕೆಲವು ದಿನಗಳಲ್ಲಿ ನಿಧಾನವಾಗಿ ಏರಿಸುತ್ತೇನೆ. ಇದರಿಂದ ತಾಸುಗಟ್ಟಲೆ ಹನಿಹನಿಯಾಗಿ ನೀರು ಬಿಡುವ ಕೆಲಸ ಇಲ್ಲ. ದೂರದಿಂದ ಪಾರ್ಸೆಲ್ ಬಂದ ಮೀನಿಗೆ ಆ ಹನಿ ಪದ್ಧತಿ ಅಪಾಯ ಎಂದೇ ನನ್ನ ಖಚಿತ ಅಭಿಪ್ರಾಯ. ಕಟ್ಟಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ. ಪಿಎಚ್ ಇಳಿದಾಗ ಅಮೋನಿಯಾ ಅಷ್ಟು ವಿಷ ಕಾರುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಅನಿಲ ಹೊರಹೋಗಿ ಪಿಎಚ್ ಏರಿ, ಅದೇ ಅಮೋನಿಯಾ ಕಿವಿರು ಸುಡಲು ಶುರುಮಾಡುತ್ತದೆ. ಹಾಗಾಗಿ ಚೀಲವನ್ನು ತೇಲಿಸಿ ಬಿಸಿ ಸರಿಹೊಂದಿದ ಮೇಲೆ, ಬಿಚ್ಚಿ, ಮೀನನ್ನು ಮಾತ್ರ ತಕ್ಷಣ ಒಳಗೆ ಬಿಡುತ್ತೇನೆ.

ಮೊದಲ ಕೆಲವು ದಿನ ಔಷಧಿ ಇಲ್ಲ. ಊಟ, ಬಿಡುವು, ಕಾವಲು, ಅಷ್ಟೇ. ಟ್ಯಾಂಗ್‌ಗೆ ನೋರಿ (ಒಣಗಿದ ಕಡಲ ಪಾಚಿ) ಹಾಳೆಯನ್ನು ಕ್ಲಿಪ್‌ಗೆ ಸಿಕ್ಕಿಸಿ ಇಡುತ್ತೇನೆ, ಜೊತೆಗೆ ಫ್ರೋಜನ್ ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ), ಸಣ್ಣಗೆ ಹೆಚ್ಚಿದ ಸೀಗಡಿ. ಬಾಯಿ ಹಾಕದ ಮೀನಿಗೆ ಕಾಪರ್ ಹಾಕಿದರೆ ಅದು ಮತ್ತಷ್ಟು ಸೊರಗುತ್ತದೆ, ಯಾಕೆಂದರೆ ಕಾಪರ್ ಹಸಿವನ್ನೇ ಕುಂದಿಸುತ್ತದೆ. ಆದರೆ ಈ ಕಾಯುವಿಕೆಗೆ ವಿನಾಯಿತಿಗಳಿವೆ. ಉಸಿರು ಜೋರಾಗಿ, ಬೆಳಕಿಗೆ ಬೆನ್ನು ಮಾಡಿ, ಪಂಪಿನ ಸೆಳೆತಕ್ಕೆ ಎದುರಾಗಿ ನಿಂತೇ ಇದ್ದರೆ ವೆಲ್ವೆಟ್ ಅಂತ ಅನುಮಾನಿಸಿ ಅಂದೇ ಚಿಕಿತ್ಸೆಗೆ ಇಳಿಯುತ್ತೇನೆ. ಅದು ಕೊಲ್ಲಲು ವಾರ ಕಾಯುವುದಿಲ್ಲ. ಕ್ಲೌನ್ ಮೀನಿನ ಮೈಯಿಂದ ಲೋಳೆ ಪದರ ಪದರವಾಗಿ ಕಳಚುತ್ತಿದ್ದರೆ ಅದು ಬ್ರೂಕ್ಲಿನೆಲ್ಲಾ ಎಂಬ ಇನ್ನೊಂದು ಪರಾವಲಂಬಿ. ಅದಕ್ಕೆ ಕಾಪರ್ ನಂಬಿ ಕೂರಬಾರದು, ಫಾರ್ಮಲಿನ್ ಸ್ನಾನವೇ ಬೇಕು.

ಕಣ್ಣು ಮಂಜಾಗಿ, ತಲೆ ಕೊಡವುತ್ತಿದ್ದರೆ ಫ್ಲೂಕ್ ಎಂಬ ಪರಾವಲಂಬಿ ಹುಳು. ಟ್ಯಾಂಕಿನಷ್ಟೇ ಪಿಎಚ್, ಅಷ್ಟೇ ಬಿಸಿಯ ಸಿಹಿನೀರಿನಲ್ಲಿ ಐದು ನಿಮಿಷ ಬಿಟ್ಟರೆ ಬಿಳಿ ಎಳ್ಳಿನಂತೆ ಹುಳುಗಳು ಬಕೆಟ್ಟಿನ ತಳಕ್ಕೆ ಉದುರುತ್ತವೆ. ಒಂದು ಮೀನಿನಲ್ಲಿ ಕಂಡರೂ ಟ್ಯಾಂಕಿಗೆ ಪ್ರಾಜಿಕ್ವಾಂಟೆಲ್ ಎಂಬ ಹುಳುವಿನ ಔಷಧಿ ಹಾಕುತ್ತೇನೆ. ಅದು ಮೊಟ್ಟೆಗಳನ್ನು ಕೊಲ್ಲದ ಕಾರಣ ಒಂದು ವಾರದೊಳಗೆ ಎರಡನೇ ಸಲ ಹಾಕಬೇಕು, ಏರ್ ಸ್ಟೋನ್ ಜೋರಾಗಿ ಓಡುತ್ತಿರಬೇಕು.

ಈಗ ಕಾಪರ್. ಮನೆಗೆ ಬಂದವರು ಸಾಮಾನ್ಯವಾಗಿ ಕೇಳುತ್ತಾರೆ: "ಚುಕ್ಕೆ ಹೋಯ್ತಲ್ಲ, ಇನ್ನೂ ಯಾಕೆ ಇಲ್ಲಿಟ್ಟಿದ್ದೀರಿ?" ಕಣ್ಣಿಗೆ ಕಾಣುವ ಚುಕ್ಕೆ ರೋಗದ ಒಂದು ಘಟ್ಟ ಮಾತ್ರ. ಬಿಳಿ ಚುಕ್ಕೆ ರೋಗದ ಪರಾವಲಂಬಿಯಾದ ಕ್ರಿಪ್ಟೋಕೇರಿಯಾನ್ ಮೀನಿನ ಚರ್ಮದೊಳಗೆ ಮೂರರಿಂದ ಏಳು ದಿನ ತಿಂದು ಕೊಬ್ಬಿ, ತಾನಾಗಿಯೇ ಉದುರಿಹೋಗುತ್ತದೆ. ಉದುರಿದ್ದು ತಳದಲ್ಲಿ ಗಟ್ಟಿ ಕೋಶ ಕಟ್ಟಿಕೊಂಡು ಒಳಗೇ ನೂರಾರಾಗಿ ಒಡೆಯುತ್ತದೆ. ಚರ್ಮದೊಳಗಿದ್ದಾಗಲೂ ಕೋಶದೊಳಗಿದ್ದಾಗಲೂ ಕಾಪರ್ ಅದನ್ನು ಮುಟ್ಟುವುದಿಲ್ಲ. ಹೊರಬಿದ್ದ ಮರಿಗಳು ಹೊಸ ಮೀನು ಹುಡುಕುತ್ತ ಈಜುವ ಆ ಒಂದೆರಡು ದಿನವೇ ನಮಗಿರುವ ಅವಕಾಶ. ಬಹುಪಾಲು ಕೋಶಗಳು ನಾಲ್ಕು ವಾರದೊಳಗೆ ಒಡೆಯುತ್ತವೆ, ಕೆಲವು ಇನ್ನೂ ತಡ. ಆದ್ದರಿಂದ ನಾನು ಕೀಲೇಟೆಡ್ ಕಾಪರನ್ನು (ಬೇರೆ ಅಣುವಿಗೆ ಕಟ್ಟಿಹಾಕಿದ ತಾಮ್ರ) ಕೆಲವು ದಿನಗಳಲ್ಲಿ ಹಂತಹಂತವಾಗಿ ಏರಿಸಿ, ಲೀಟರಿಗೆ 2ರಿಂದ 2.5 ಮಿಲಿಗ್ರಾಂ ನಡುವೆ 30 ದಿನ ಹಿಡಿದಿಡುತ್ತೇನೆ. ಹಾಗೆ ಕಟ್ಟಿಹಾಕದ ಅಯಾನಿಕ್ ಕಾಪರ್ ಬಳಸುವವರಿಗೆ ಈ ಅಂಕಿ ಸಲ್ಲದು, ಅದರ ಪ್ರಮಾಣ ಬಹಳ ಕಡಿಮೆ.

ಅಳೆಯಲು ಡಿಜಿಟಲ್ ಮೀಟರ್ ಬೇಕೇ ಬೇಕು. ದುಬಾರಿ ಅನ್ನಿಸಬಹುದು, ಆದರೆ ಒಂದು ಟ್ಯಾಂಗ್‌ನ ಬೆಲೆಗೆ ಹೋಲಿಸಿ ನೋಡಿ. ಮಧ್ಯದಲ್ಲಿ ಒಂದು ದಿನ ಮಟ್ಟ ಇಳಿದಿದ್ದು ಕಂಡರೂ ಮತ್ತೆ ಒಂದನೇ ದಿನದಿಂದ ಎಣಿಕೆ. ನೀರು ಬದಲಿಸುವಾಗ ಹೊಸ ನೀರಿಗೂ ಅಷ್ಟೇ ಕಾಪರ್ ಬೆರೆಸಿಯೇ ಸುರಿಯುತ್ತೇನೆ. ಅಮೋನಿಯಾ ಕಾಣಿಸಿಕೊಂಡರೆ ನೀರು ಬದಲಾವಣೆಯೊಂದೇ ನನ್ನ ಉಪಾಯ. ಅಮೋನಿಯಾ ತಟಸ್ಥ ಮಾಡುವ ಕೆಲವು ದ್ರಾವಣಗಳು ಕಾಪರ್ ಜೊತೆ ಸೇರಿ ಮೀನಿಗೇ ವಿಷವಾಗುತ್ತವೆ.

ಮೀನಿಗೆ ಇಷ್ಟೆಲ್ಲ ಮಾಡಿ, ಬಸವನಹುಳವನ್ನೋ ಹವಳದ ತುಂಡನ್ನೋ ತೊಳೆದು ಸೀದಾ ಒಳಗಿಟ್ಟರೆ ಎಲ್ಲ ವ್ಯರ್ಥ. ಆ ಗಟ್ಟಿ ಕೋಶ ಚಿಪ್ಪಿನ ಮೇಲೂ ಕೂರುತ್ತದೆ. ಅವಕ್ಕೆ ಕಾಪರ್ ಹಾಕುವಂತಿಲ್ಲ, ಮೀನಿಲ್ಲದ ಟ್ಯಾಂಕಿನಲ್ಲಿ 76 ದಿನ ಇಡುವುದೇ ದಾರಿ. ಕಲ್ಲಿನ ವಿಷಯದಲ್ಲಿ ನಾನು ಒಣ ಕಲ್ಲು ಬಿಟ್ಟು ಕಡಲಿನಿಂದ ಕಿತ್ತ ಕಲ್ಲನ್ನು ಮುಟ್ಟಿಲ್ಲ. ನಮ್ಮ ಕಡಲಿನ ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ (ಶೆಡ್ಯೂಲ್ 1), ಅದನ್ನು ಕೀಳುವುದು ಅಪರಾಧ, ಕೀಳಲೂಬಾರದು.

ಮೂವತ್ತು ದಿನ ಮುಗಿದ ಮೇಲೆ ಕಾರ್ಬನ್ ಹಾಕಿ ಕಾಪರ್ ತೆಗೆದು, ಇನ್ನೆರಡು ವಾರ ಬರೀ ಗಮನಿಸುತ್ತೇನೆ. ಆಮೇಲೆ ಸಂಜೆ ದೀಪ ಆರಿಸಿ, ರೀಫ್ ಒಳಗೆ ತೂತುಗಳಿರುವ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಹೊಸ ಟ್ಯಾಂಗನ್ನು ಇಡುತ್ತೇನೆ. ಹಳೆಯ ಟ್ಯಾಂಗ್ ಬಾಲ ಬೀಸಿ ಹೆದರಿಸುವುದನ್ನು ನಿಲ್ಲಿಸಿದ ಮೇಲಷ್ಟೇ ಬಾಗಿಲು ತೆರೆಯುತ್ತೇನೆ. ಕ್ವಾರಂಟೈನ್ ಟ್ಯಾಂಕ್ ಖಾಲಿ ಮಾಡಿ, ತೊಳೆದು, ಪೂರ್ತಿ ಒಣಗಿಸುತ್ತೇನೆ. ಕಾಪರ್ ಕುಡಿದ ಸ್ಪಾಂಜ್ ಮತ್ತೆ ಸಂಪಿಗೆ ಹೋಗುವಂತಿಲ್ಲ, ಮುಂದಿನ ಮೀನಿಗಾಗಿ ಅಲ್ಲಿ ಹೊಸದೊಂದು ಆಗಲೇ ಮುಳುಗಿರುತ್ತದೆ.