ಪೆರ್ಮುದೆಯ ತೈಲ, ದೆಹಲಿಯ ಟಿಪ್ಪಣಿ

ವಿದೇಶಾಂಗ ನೀತಿಯನ್ನು ಚಿಂತಕರ ಚಾವಡಿಗಳು, ಅಂದರೆ ನೀತಿ ಅಧ್ಯಯನ ಸಂಸ್ಥೆಗಳು, ರೂಪಿಸುತ್ತವೆಯೇ ಎಂದು ಮಂಗಳೂರಿನ ನನ್ನ ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಅಂಥದೊಂದು ಸಂಸ್ಥೆಗೆ ಇಂಧನ ಭದ್ರತೆಯ ಕುರಿತು ಟಿಪ್ಪಣಿ ಬರೆದುಕೊಟ್ಟ ಅನುಭವದಿಂದ ಹೇಳುವುದಾದರೆ, ನಿರ್ಧಾರ ಸಚಿವಾಲಯದ್ದೇ. ನಿರ್ಧರಿಸುವ ಹೊತ್ತಿಗೆ ಅಧಿಕಾರಿಯ ಕಡತದಲ್ಲಿ ಯಾವ ಯಾವ ಆಯ್ಕೆಗಳಿರುತ್ತವೆ ಎಂಬುದರಲ್ಲಷ್ಟೇ ನಮ್ಮ ಪಾಲು.

ನಾನು ಆರಿಸಿಕೊಂಡ ವಿಷಯ ನಮ್ಮ ನೆಲದಡಿಯಲ್ಲೇ ಇತ್ತು. ಮಂಗಳೂರಿನ ಬಳಿಯ ಪೆರ್ಮುದೆಯಲ್ಲಿ ದೇಶದ ತುರ್ತಿಗೆಂದು ಬಂಡೆ ಕೊರೆದು ಮಾಡಿದ ಸಂಗ್ರಹಾಗಾರದಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುತ್ತದೆ. ವಿಶಾಖಪಟ್ಟಣದ 13.3 ಲಕ್ಷ ಟನ್ ಸೇರಿಸಿದರೂ ದೇಶಕ್ಕೆ ಒಂಬತ್ತೂವರೆ ದಿನ ಸಾಲುತ್ತದೆ ಎಂಬುದು 2019-20ರ ಬಳಕೆಯನ್ನು ಆಧರಿಸಿದ ಸರ್ಕಾರಿ ಅಂದಾಜು. 2018ರಲ್ಲಿ ಅಬುಧಾಬಿಯ ರಾಷ್ಟ್ರೀಯ ತೈಲ ಕಂಪನಿ ಪೆರ್ಮುದೆಯಲ್ಲಿ ತನ್ನ ತೈಲವನ್ನು ತುಂಬಿಸಿತು. ಮಾಲು ಅವರದು, ತುರ್ತಿನಲ್ಲಿ ಮೊದಲ ಹಕ್ಕು ಭಾರತದ್ದು. ಮರುವರ್ಷ ಮೇ ತಿಂಗಳಲ್ಲಿ ಇರಾನ್ ತೈಲದ ಖರೀದಿಗೆ ಅಮೆರಿಕ ತನ್ನ ನಿರ್ಬಂಧಗಳಿಂದ ನೀಡಿದ್ದ ವಿನಾಯಿತಿ ಮುಗಿದು ಆ ಖರೀದಿ ನಿಂತಾಗ, ಕೊಲ್ಲಿಯ ಬೇರೆ ಮಿತ್ರರೊಂದಿಗಿನ ಇಂಥ ಏರ್ಪಾಡು ಬರೀ ವ್ಯಾಪಾರವಲ್ಲ, ರಾಜತಾಂತ್ರಿಕತೆಯೂ ಹೌದು ಎಂಬುದು ಸ್ಪಷ್ಟವಾಯಿತು.

ಇಂಥ ಟಿಪ್ಪಣಿಯಲ್ಲಿ ಪ್ರಬಂಧದ ಪೀಠಿಕೆಗೆ ಜಾಗವಿಲ್ಲ. ಮೊದಲ ಪುಟದಲ್ಲೇ ಪ್ರಶ್ನೆ, ಮೂರು ಆಯ್ಕೆ, ಪ್ರತಿಯೊಂದರ ಖರ್ಚು, ಆಕ್ಷೇಪಿಸುವ ಇಲಾಖೆ ಯಾವುದು ಎಂಬ ಊಹೆ, ಇಷ್ಟನ್ನು ಇಟ್ಟೆ. ಅಂಕಿಅಂಶಗಳು ಸಂಸತ್ತಿನ ಉತ್ತರಗಳಲ್ಲಿ ಸಿಗುತ್ತವೆ. ಆದರೆ ಮಳೆಗಾಲದ ಕಡಲಿನಲ್ಲಿ ಟ್ಯಾಂಕರ್ ಕಟ್ಟಿ ತೈಲ ಇಳಿಸುವುದು ಎಷ್ಟು ತಡವಾಗಬಹುದೆಂದು ಪಣಂಬೂರಿನ ಹಡಗು ಏಜೆಂಟರನ್ನೇ ಕೇಳಬೇಕು. ಮುಚ್ಚಿದ ಬಾಗಿಲ ಚರ್ಚೆಯಲ್ಲಿ, ಅಂದರೆ ಹೇಳಿದ್ದನ್ನು ಬಳಸಬಹುದು, ಹೇಳಿದವರ ಹೆಸರು ಹೊರಗೆ ಬರಬಾರದೆಂಬ ನಿಯಮದ ಸಭೆಯಲ್ಲಿ, ಹಿರಿಯ ಅಧಿಕಾರಿಯೊಬ್ಬರು ನನ್ನ ವಾದವನ್ನೆಲ್ಲ ಬಿಟ್ಟು ಮಳೆಗಾಲದ ವಿಳಂಬದ ಸಾಲನ್ನೇ ಹಿಡಿದರು: "ಹಾಗಾದರೆ ಹಾರ್ಮುಜ್ ಜಲಸಂಧಿ ಜುಲೈನಲ್ಲಿ ಮುಚ್ಚಿದರೆ?" ಕೊಲ್ಲಿಯ ತೈಲ ಹಡಗುಗಳು ಹಾಯುವ ಕಿರಿದಾದ ಕಡಲ ದಾರಿ ಅದು.

ಇಂಥ ಸಂಸ್ಥೆಗಳ ಹಣದ ಮಾತನ್ನೂ ಹೇಳಲೇಬೇಕು. 1965ರಲ್ಲಿ ಆರಂಭವಾದ ರಕ್ಷಣಾ ಅಧ್ಯಯನ ಸಂಸ್ಥೆಗೆ ರಕ್ಷಣಾ ಸಚಿವಾಲಯದ ಅನುದಾನವಿದೆ. 1990ರ ಅಬ್ಸರ್ವರ್ ರಿಸರ್ಚ್ ಫೌಂಡೇಶನ್ ರಿಲಯನ್ಸ್ ನೆರವಿನಿಂದ ಬೆಳೆಯಿತು, 2016ರಿಂದ ವಿದೇಶಾಂಗ ಸಚಿವಾಲಯದ ಜೊತೆ ರೈಸಿನಾ ಸಂವಾದ ಎಂಬ ಅಂತರರಾಷ್ಟ್ರೀಯ ಸಮ್ಮೇಳನ ನಡೆಸುತ್ತಿದೆ. ಇದರಿಂದ ಬರಹವೆಲ್ಲ ಬಾಡಿಗೆಯದಾಗುವುದಿಲ್ಲ, ಆದರೆ ಕೇಳದೆ ಉಳಿಯುವ ಪ್ರಶ್ನೆಗಳಿರುತ್ತವೆ. ಪಾದೂರಿನ ಎರಡನೇ ಹಂತಕ್ಕೆ ಖಾಸಗಿ ಸಹಭಾಗಿತ್ವದ ಮಾದರಿಯಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿದೆ. ತುರ್ತಿನಲ್ಲಿ ಅಲ್ಲಿನ ತೈಲವನ್ನು ಯಾವ ದರಕ್ಕೆ, ಯಾರ ಸಹಿಯಿಂದ ಹೊರತೆಗೆಯಬೇಕು ಎಂಬುದೇ ನಾನು ಈಗ ಬರೆಯುತ್ತಿರುವ ಟಿಪ್ಪಣಿಯ ಮೊದಲ ಸಾಲು.